ಕಟಕಟೆಯಲ್ಲಿ ನಿಂತ ಮನಸ್ಸು

1843ರ ಜನವರಿ 20. ಲಂಡನ್ನಿನ ವೈಟ್‌ಹಾಲ್ ಬಳಿ ಹಾಡುಹಗಲೇ ಒಬ್ಬಾತ, ತನ್ನ ಮುಂದೆ ನಡೆದು ಹೋಗುತ್ತಿದ್ದ ವ್ಯಕ್ತಿಯ ಬೆನ್ನಿಗೆ ಗುಂಡು ಹೊಡೆದ. ಎರಡನೆಯ ಪಿಸ್ತೂಲಿಗೆ ಕೈಹಾಕಿದ್ದಾಗಲೇ ಪೊಲೀಸ್ ಪೇದೆಯೊಬ್ಬ ಅವನನ್ನು ಹಿಡಿದುಕೊಂಡ. ಗುಂಡೇಟು ತಿಂದವನು ಎಡ್ವರ್ಡ್ ಡ್ರಮಂಡ್; ಇಂಗ್ಲೆಂಡಿನ ಅಂದಿನ ಪ್ರಧಾನಿ ಸರ್ ರಾಬರ್ಟ್ ಪೀಲ್ ಅವರ ಖಾಸಗಿ ಕಾರ್ಯದರ್ಶಿ. ಐದು ದಿನಗಳ ನಂತರ ಆತ ಸತ್ತ. ಹೊಡೆದವನು ಗ್ಲಾಸ್ಗೊ ಪಟ್ಟಣದ ಮರಗೆಲಸಗಾರ ಡೇನಿಯಲ್ ಮೆಕ್‌ನಾಟನ್. ಅವನ ಗುರಿ ಪ್ರಧಾನಿಯೇ ಆಗಿತ್ತು, ಕಾರ್ಯದರ್ಶಿಯನ್ನು ಪ್ರಧಾನಿಯೆಂದು ತಪ್ಪು ತಿಳಿದ ಎಂಬ ನಂಬಿಕೆ ಅಂದಿನಿಂದಲೂ ಇದೆ.

ಇಂದು ಬೆಂಗಳೂರಿನಲ್ಲಾಗಲಿ, ಕಲಬುರ್ಗಿಯಲ್ಲಾಗಲಿ ಕೊಲೆ ಆರೋಪಿಯ ಪರ ವಕೀಲರು 'ನನ್ನ ಕಕ್ಷಿದಾರನಿಗೆ ಆಗ ಚಿತ್ತಸ್ವಾಸ್ಥ್ಯ ಇರಲಿಲ್ಲ' ಎಂದು ವಾದಿಸಿದರೆ, ಆ ವಾದದ ಬೇರು ಹುಡುಕುತ್ತ ಹೋದವರು ಈ ಗುಂಡಿನ ಸದ್ದಿನ ಬಳಿಗೇ ಬಂದು ನಿಲ್ಲುತ್ತಾರೆ. ಕೊಲೆ ಮಾಡಿದ್ದು ಯಾರು ಎಂಬ ಬಗ್ಗೆ ಅಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆ ಗಳಿಗೆಯಲ್ಲಿ ಅವನ ಮನಸ್ಸು ಹೇಗಿತ್ತು ಎಂಬುದಷ್ಟೇ ಪ್ರಶ್ನೆ. ಮುಗಿದುಹೋದ ಒಂದು ಗಳಿಗೆಯನ್ನು, ಆಮೇಲೆ ಬಂದ ವೈದ್ಯ ನೋಡಿ ಹೇಳುವುದು ಹೇಗೆ? ನ್ಯಾಯಾಲಯ ಮತ್ತು ವೈದ್ಯವಿಜ್ಞಾನದ ನಡುವಿನ ತಕರಾರೆಲ್ಲ ಇದರ ಸುತ್ತಲೇ ಬೆಳೆದಿದೆ.

ಮೆಕ್‌ನಾಟನ್ ಖಟ್ಲೆ ಅದೇ ವರ್ಷ ಮಾರ್ಚ್ ತಿಂಗಳಲ್ಲಿ ನಡೆಯಿತು. ಟೋರಿ ಪಕ್ಷದವರು ತನ್ನನ್ನು ಹಗಲೂ ರಾತ್ರಿ ಹಿಂಬಾಲಿಸುತ್ತಿದ್ದಾರೆ, ನಿದ್ದೆ ಮಾಡಲು ಬಿಡುತ್ತಿಲ್ಲ ಎಂದು ಅವನು ಗ್ಲಾಸ್ಗೊ ನಗರದ ಅಧಿಕಾರಿಗಳಿಗೆ ಹಿಂದೆಯೇ ದೂರು ಕೊಟ್ಟಿದ್ದ. ತಪ್ಪಿಸಿಕೊಳ್ಳಲು ಫ್ರಾನ್ಸಿಗೆ ಹೋದರೂ ಗೂಢಚಾರರು ಬೆನ್ನು ಬಿಡಲಿಲ್ಲವೆಂದು ವೈದ್ಯರ ಮುಂದೆ ಹೇಳಿಕೊಂಡ. ಇದೇ ಮನುಷ್ಯ ತನ್ನ ದುಡಿಮೆಯಲ್ಲಿ ಚುರುಕು, ವ್ಯವಹಾರದಲ್ಲಿ ಲೆಕ್ಕಾಚಾರದವ. ಬಂಧಿಸಿದಾಗ ಅವನ ಬಳಿ 750 ಪೌಂಡುಗಳ ಠೇವಣಿ ರಸೀದಿ ಸಿಕ್ಕಿತು. ಹುಚ್ಚನಿಗೆ ಇಷ್ಟು ದುಡ್ಡು ಕೂಡಿಡಲು ಬಂದೀತೆ ಎಂಬ ಪ್ರಶ್ನೆ ಏಳುವುದು ಸಹಜ. ಅವನ ಪರ ವಾದಿಸಿದ ಅಲೆಕ್ಸಾಂಡರ್ ಕಾಕ್‌ಬರ್ನ್, ಅಮೆರಿಕದ ವೈದ್ಯ ಐಸಾಕ್ ರೇ 1838ರಲ್ಲಿ ಪ್ರಕಟಿಸಿದ್ದ ಗ್ರಂಥವನ್ನು ಆಧಾರವಾಗಿ ಹಿಡಿದು, ಮನಸ್ಸಿನ ಒಂದು ಮೂಲೆ ಕೆಟ್ಟಿದ್ದರೂ ಉಳಿದ ಭಾಗ ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು ಎಂದು ವಿವರಿಸಿದ.

ವೈದ್ಯರು ಸಾಲಾಗಿ ಬಂದು ಸಾಕ್ಷ್ಯ ನುಡಿದರು. ಇವರಲ್ಲಿ ಫೋರ್ಬ್ಸ್ ವಿನ್ಸ್ಲೋ ಎಂಬಾತ ಆರೋಪಿಯನ್ನು ಒಮ್ಮೆಯೂ ಮಾತನಾಡಿಸಿರಲಿಲ್ಲ. ನ್ಯಾಯಾಲಯದಲ್ಲಿ ಕುಳಿತು ಇತರರ ಹೇಳಿಕೆ ಕೇಳಿದ್ದಷ್ಟೇ. ಅಷ್ಟರಿಂದಲೇ ಆತ ಆರೋಪಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಖಚಿತವಾಗಿ ಹೇಳಿದ! ಪ್ರಾಸಿಕ್ಯೂಷನ್ ಕಡೆಯಿಂದ ಎದುರಾಗಿ ನುಡಿಯುವ ಒಬ್ಬ ವೈದ್ಯನೂ ಬರಲಿಲ್ಲ. ಮುಖ್ಯ ನ್ಯಾಯಾಧೀಶ ಟಿಂಡಲ್ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿದರು. ಮತಿವಿಕಲತೆಯ ಕಾರಣ ನಿರ್ದೋಷಿ ಎಂದು ಜ್ಯೂರಿ ಹೇಳಿತು.

ಮನೋವೈದ್ಯರ ಮಾತಿಗೆ ಇಷ್ಟು ಬೆಲೆ ಬಂದದ್ದು ಒಮ್ಮೆಲೇ ಅಲ್ಲ. 1724ರಲ್ಲಿ ಎಡ್ವರ್ಡ್ ಆರ್ನಾಲ್ಡ್ ಎಂಬವನ ಖಟ್ಲೆಯಲ್ಲಿ ನ್ಯಾಯಾಧೀಶರು ಇಟ್ಟ ಅಳತೆಗೋಲು ಬಹಳ ಒರಟಾದದ್ದು. ಎಳೆಗೂಸಿನಂತೆ, ಕಾಡುಮೃಗದಂತೆ ಏನೊಂದೂ ಅರಿಯದವನಿಗೆ ಮಾತ್ರ ಮಾಫಿ. ಅಂಥದನ್ನು ಗುರುತಿಸಲು ವೈದ್ಯ ಬೇಕಿಲ್ಲ, ಊರವರೇ ಸಾಕು. ಈ ಅಳತೆಗೋಲು ಮುರಿದದ್ದು 1800ರಲ್ಲಿ. ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಮೂರನೆಯ ಜಾರ್ಜ್ ದೊರೆಯತ್ತ ಗುಂಡು ಹಾರಿಸಿದ ಜೇಮ್ಸ್ ಹ್ಯಾಡ್‌ಫೀಲ್ಡ್ ಒಬ್ಬ ಮಾಜಿ ಸೈನಿಕ. 1794ರಲ್ಲಿ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಅವನ ತಲೆಗೆ ಕತ್ತಿಯ ಏಟುಗಳು ಬಿದ್ದಿದ್ದವು. ತಾನು ಸರ್ಕಾರದ ಕೈಯಿಂದ ಸತ್ತರೆ ಲೋಕಕ್ಕೆ ಉದ್ಧಾರವಾಗುತ್ತದೆ ಎಂಬ ಭ್ರಮೆ ಅವನದು. ಗಲ್ಲಿಗೇರಬೇಕೆಂದೇ ಪಿಸ್ತೂಲು ಕೊಂಡು ಯೋಜನೆ ಹಾಕಿದ್ದ. ಅಂದರೆ ತನ್ನ ಕೆಲಸ ಕಾನೂನಿಗೆ ವಿರುದ್ಧವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ವಕೀಲ ಥಾಮಸ್ ಅರ್ಸ್ಕಿನ್, ಶಸ್ತ್ರವೈದ್ಯ ಹೆನ್ರಿ ಕ್ಲೈನ್ ಅವರನ್ನು ಕರೆಸಿ ಗಾಯ ಮಿದುಳಿಗೇ ತಾಗಿದೆ ಎಂಬುದನ್ನು ಹೇಳಿಸಿದ. ಹ್ಯಾಡ್‌ಫೀಲ್ಡ್ ಬಿಡುಗಡೆಯಾಗಲಿಲ್ಲ, ಗಲ್ಲಿಗೂ ಏರಲಿಲ್ಲ. ಅವನನ್ನು ಹುಚ್ಚಾಸ್ಪತ್ರೆಯಲ್ಲಿ ಇಡಲೆಂದೇ ಪಾರ್ಲಿಮೆಂಟು ಅದೇ ವರ್ಷ ತರಾತುರಿಯಲ್ಲಿ ಹೊಸ ಕಾಯ್ದೆ ಮಾಡಿತು. ಮಿದುಳಿನ ಗಾಯ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಂತ ಹಳೆಯ ನಿದರ್ಶನಗಳಲ್ಲಿ ಇದು ಪ್ರಮುಖವಾದದ್ದು.

ಮೆಕ್‌ನಾಟನ್ ತೀರ್ಪಿಗೆ ಬಂದ ಪ್ರತಿಕ್ರಿಯೆ ಮಾತ್ರ ಕಟುವಾಗಿತ್ತು. ವಿಕ್ಟೋರಿಯಾ ರಾಣಿಗೂ ಅಸಮಾಧಾನ. 1840ರಲ್ಲಿ ಅವಳ ಮೇಲೆಯೇ ಗುಂಡು ಹಾರಿಸಿದ್ದವನೊಬ್ಬ ಇದೇ ಕಾರಣದಿಂದ ಶಿಕ್ಷೆ ತಪ್ಪಿಸಿಕೊಂಡಿದ್ದ. ಲಾರ್ಡ್ಸ್ ಸಭೆ ನ್ಯಾಯಾಧೀಶರನ್ನು ಕರೆಸಿ ಐದು ಪ್ರಶ್ನೆಗಳನ್ನು ಮುಂದಿಟ್ಟಿತು. ಅವರ ಉತ್ತರವೇ ಮುಂದೆ 'ಮೆಕ್‌ನಾಟನ್ ನಿಯಮ'ವೆಂದು ಹೆಸರಾಯಿತು. ಮನಸ್ಸಿನ ರೋಗದಿಂದ ವಿವೇಕ ಕೆಟ್ಟು, ತಾನು ಮಾಡುತ್ತಿರುವುದು ಏನೆಂದೇ ತಿಳಿಯದಿದ್ದರೆ, ಇಲ್ಲವೇ ಅದು ತಪ್ಪೆಂದು ತಿಳಿಯದಿದ್ದರೆ ಮಾತ್ರ ರಕ್ಷಣೆ ಎಂಬುದು ಅದರ ಸಾರ. ಐದನೆಯ ಪ್ರಶ್ನೆಯನ್ನು ಈಗ ನೆನೆಯುವವರು ಕಡಿಮೆ. ಆರೋಪಿಯನ್ನು ಮೊದಲು ನೋಡಿರದೆ ಬರಿಯ ವಿಚಾರಣೆ ಕೇಳಿದ ವೈದ್ಯ ಅಭಿಪ್ರಾಯ ಹೇಳಬಹುದೆ ಎಂಬುದೇ ಅದು. ವಿನ್ಸ್ಲೋ ಮಾಡಿದ ಕೆಲಸದ ಮೇಲಿನ ಪ್ರಶ್ನೆ. ವಾಸ್ತವಾಂಶಗಳ ಬಗ್ಗೆ ವಿವಾದವಿದ್ದಾಗ ಹಾಗೆ ಕೇಳುವುದು ಸಲ್ಲದು, ಯಾವ ಸಾಕ್ಷಿ ನಿಜ ಎಂದು ನಿರ್ಧರಿಸುವುದು ಜ್ಯೂರಿಯ ಕೆಲಸವೇ ಹೊರತು ವೈದ್ಯನದಲ್ಲ ಎಂದರು ನ್ಯಾಯಾಧೀಶರು. ತಜ್ಞ ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆ ಅಲ್ಲಿ ಬಿತ್ತು. ಮೆಕ್‌ನಾಟನ್ 'ಗೆದ್ದ'ನೆಂದು ಹೇಳುವುದು ಕಷ್ಟ. ಉಳಿದ ಆಯುಸ್ಸನ್ನೆಲ್ಲ ಬೆತ್ಲೆಮ್ ಮತ್ತು ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಗಳಲ್ಲೇ ಕಳೆದು 1865ರಲ್ಲಿ ಸತ್ತ.

ಭಾರತದ ಕಾನೂನು ಈ ನಿಯಮವನ್ನು ಹಾಗೆಯೇ ನಕಲು ಮಾಡಿತು ಎಂಬ ಮಾತು ಪೂರ್ತಿ ಸರಿಯಲ್ಲ. ಮೆಕಾಲೆಯ ಕರಡು ಸಂಹಿತೆ ಸಿದ್ಧವಾದದ್ದು 1837ರಲ್ಲಿ, ಅಂದರೆ ಆ ಗುಂಡು ಹಾರುವ ಆರು ವರ್ಷ ಮೊದಲು. ಹುಚ್ಚಿನಿಂದ ಮಾಡಿದ ಕೃತ್ಯಕ್ಕೆ ಅದರಲ್ಲಿ ಆಗಲೇ ವಿನಾಯಿತಿ ಇತ್ತು. 1860ರಲ್ಲಿ ಭಾರತೀಯ ದಂಡ ಸಂಹಿತೆ ಕಾಯ್ದೆಯಾದಾಗ 84ನೆಯ ಕಲಮಿನಲ್ಲಿ ಲಂಡನ್ನಿನ ನಿಯಮದ ಛಾಯೆ ಸ್ಪಷ್ಟವಾಗಿ ಬಿದ್ದಿತು. ಕೃತ್ಯ ನಡೆಯುವ ಸಮಯದಲ್ಲಿ ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ಆ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನಾಗಲಿ ತಿಳಿಯಲು ಅಸಮರ್ಥನಾದವನು ಅಪರಾಧಿಯಲ್ಲ ಎನ್ನುತ್ತದೆ ಅದು. 'ಚಿತ್ತಸ್ವಾಸ್ಥ್ಯವಿಲ್ಲದಿರುವುದು' ಎಂದರೇನೆಂದು ಕಾಯ್ದೆ ಎಲ್ಲಿಯೂ ಹೇಳಲಿಲ್ಲ. 2023ರಲ್ಲಿ ಭಾರತೀಯ ನ್ಯಾಯ ಸಂಹಿತೆಯ ಮೊದಲ ಮಸೂದೆಯಲ್ಲಿ ಈ ಜಾಗದಲ್ಲಿ 'ಮಾನಸಿಕ ಕಾಯಿಲೆ' ಎಂಬ ಪದ ಬಂದಿತ್ತು. ಅದರ ಅರ್ಥ ತೀರಾ ವಿಶಾಲವಾಗುತ್ತದೆಂಬ ಆಕ್ಷೇಪ ಬಂದ ಮೇಲೆ ಹಳೆಯ ಪದವೇ ಮರಳಿತು. 2024ರ ಜುಲೈ 1ರಿಂದ ಅದು 22ನೆಯ ಕಲಮಾಗಿ ಜಾರಿಯಲ್ಲಿದೆ.

ಈ ಕಲಮಿನಲ್ಲಿ ಎಲ್ಲಕ್ಕಿಂತ ತೂಕದ ಮಾತು 'ಕೃತ್ಯ ನಡೆಯುವ ಸಮಯದಲ್ಲಿ' ಎಂಬುದು. ನಿನ್ನೆ ಕಾಯಿಲೆಯಿತ್ತು, ನಾಳೆಯೂ ಇರುತ್ತದೆ ಎಂದರೆ ಸಾಲದು. ಗುಜರಾತಿನ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಆ ಗಳಿಗೆಯನ್ನು ನೇರವಾಗಿ ನೋಡಲು ಬಾರದ ಕಾರಣ, ಕೃತ್ಯದ ಹಿಂದಿನ, ಆ ವೇಳೆಯ ಮತ್ತು ನಂತರದ ಸನ್ನಿವೇಶಗಳಿಂದ ಅದನ್ನು ಊಹಿಸಬೇಕು ಎಂದಿತು. ಚಿತ್ತಸ್ವಾಸ್ಥ್ಯ ಇರಲಿಲ್ಲವೆಂದು ತೋರಿಸುವ ಹೊಣೆ ಆರೋಪಿಯದೇ. ಆದರೆ ಸಿವಿಲ್ ದಾವೆಯಲ್ಲಿ ಬೇಕಾಗುವಷ್ಟು ರುಜುವಾತು ಒದಗಿಸಿದರೆ ಸಾಕು. ಕೊಲೆಯಾದ ಮೇಲೆ ಮಚ್ಚು ಬಚ್ಚಿಟ್ಟನೆ, ಓಡಿಹೋದನೆ, ಅಥವಾ ಹೆಣದ ಪಕ್ಕದಲ್ಲೇ ಕುಳಿತು ಬೀಡಿ ಸೇದುತ್ತಿದ್ದನೆ? ಇಂಥ ವಿವರಗಳೇ ಅನೇಕ ವೇಳೆ ವೈದ್ಯನ ಪ್ರಮಾಣಪತ್ರಕ್ಕಿಂತ ಹೆಚ್ಚು ಮಾತನಾಡುತ್ತವೆ.

ಇಲ್ಲಿಯೇ ಬಡವನಿಗೆ ಪೆಟ್ಟು ಬೀಳುವುದು. ಪೇಟೆಯ ಉಳ್ಳವರ ಮನೆಯಲ್ಲಾದರೆ ಹಳೆಯ ಔಷಧಿ ಚೀಟಿಗಳು, ಆಸ್ಪತ್ರೆಯ ಕಡತ, ವೈದ್ಯರ ಹೆಸರು ಇರುತ್ತವೆ. ಹಳ್ಳಿಯಲ್ಲಿ 'ಗಾಳಿ ಸೋಂಕಿದೆ' ಎಂದು ದರ್ಗಾಕ್ಕೋ ದೇವಸ್ಥಾನಕ್ಕೋ ಕರೆದೊಯ್ದಿದ್ದವನ ಕಾಯಿಲೆಗೆ ಕಾಗದವೆಲ್ಲಿಂದ ಬಂದೀತು? ತಾಯಿಯೋ ಹೆಂಡತಿಯೋ ಬಂದು ಹೇಳಿದರೆ ಸಂಬಂಧಿಕರ ಸಾಕ್ಷಿ ಎಂದು ಅದರ ತೂಕ ಕಡಿಮೆಯಾಗುತ್ತದೆ.

ನ್ಯಾಯಾಲಯ ಆದೇಶಿಸಿದಾಗ ಈ ಪರೀಕ್ಷೆ ನಡೆಯುವ ಪ್ರಮುಖ ಸ್ಥಳಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. 19ನೆಯ ಶತಮಾನದ ಹುಚ್ಚಾಸ್ಪತ್ರೆಯಿಂದ ಬೆಳೆದು, 1954ರಲ್ಲಿ ಅದರ ಜೊತೆ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕೂಡಿಕೊಂಡು, 1974ರಲ್ಲಿ ಈಗಿನ ರೂಪ ಪಡೆದ ಸಂಸ್ಥೆಯಿದು. ಇಂಥ ಪರೀಕ್ಷೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಲ್ಲ. ಆರೋಪಿಯನ್ನು ಒಳರೋಗಿಯಾಗಿಟ್ಟುಕೊಂಡು ಅವನ ನಿದ್ದೆ, ಊಟ, ಮಾತು, ಇತರರೊಡನೆ ನಡವಳಿಕೆಗಳನ್ನು ದಿನಗಟ್ಟಲೆ ಗಮನಿಸಬೇಕಾಗುತ್ತದೆ. ಮನೆಯವರನ್ನು ವಿಚಾರಿಸಬೇಕು, ಎಫ್‌ಐಆರ್, ಪೊಲೀಸ್ ದಾಖಲೆ, ಜೈಲಿನ ವೈದ್ಯರ ಟಿಪ್ಪಣಿ ಓದಬೇಕು. ಚಿಕಿತ್ಸೆಗೆ ಬಂದ ರೋಗಿಗೂ ಇವನಿಗೂ ಒಂದು ವ್ಯತ್ಯಾಸವಿದೆ. ಇಲ್ಲಿ ವೈದ್ಯನಿಗೆ ಹೇಳಿದ ಮಾತು ಗುಟ್ಟಾಗಿ ಉಳಿಯುವುದಿಲ್ಲ, ನ್ಯಾಯಾಲಯಕ್ಕೆ ಹೋಗುತ್ತದೆ. ಅದನ್ನು ಆರಂಭದಲ್ಲಿಯೇ ತಿಳಿಸುವುದು ಪ್ರಾಮಾಣಿಕ ವೈದ್ಯನ ಮೊದಲ ಕೆಲಸ.

ಮಿದುಳಿಗೆ ಪೆಟ್ಟು ಬಿದ್ದವರ ವಿಷಯದಲ್ಲಿ ನರಮನಶ್ಶಾಸ್ತ್ರಜ್ಞರ ಪಾಲು ದೊಡ್ಡದು. ಹದಿನೈದು ಪದಗಳನ್ನು ಮತ್ತೆ ಮತ್ತೆ ಓದಿ ಹೇಳಿ ಎಷ್ಟು ನೆನಪಿದೆ ಎಂದು ಕೇಳುವುದು, 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಿಸುವುದು, ಜಟಿಲ ಚಿತ್ರವೊಂದನ್ನು ನೋಡಿ ಬರೆಸಿ ಆಮೇಲೆ ನೆನಪಿನಿಂದ ಬರೆಸುವುದು, ಹೀಗೆ ಪರೀಕ್ಷೆಗಳು ಹಲವು. ನೋಡಲು ಮಕ್ಕಳಾಟದಂತಿದ್ದರೂ ಮಿದುಳಿನ ಯಾವ ಭಾಗ ಸೋತಿದೆ ಎಂಬ ಸುಳಿವು ಇವುಗಳಿಂದ ಸಿಗುತ್ತದೆ. ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ಯುರೋಪು, ಅಮೆರಿಕಗಳಲ್ಲಿ. ಅಕ್ಷರ ಬಾರದ ರೈತನನ್ನು ಅಲ್ಲಿನ ಕಾಲೇಜು ವಿದ್ಯಾರ್ಥಿಯ ಅಂಕಗಳೊಡನೆ ಹೋಲಿಸಿದರೆ ಆರೋಗ್ಯವಂತನೂ ಮಿದುಳುರೋಗಿಯಾಗಿ ಕಂಡಾನು. ನಿಮ್ಹಾನ್ಸ್‌ನ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ಪರೀಕ್ಷಾಮಾಲೆಯ ಮಹತ್ವ ಇಲ್ಲಿದೆ. ವಯಸ್ಸು, ಲಿಂಗ, ಶಿಕ್ಷಣಕ್ಕೆ ತಕ್ಕಂತೆ ಇಲ್ಲಿನ ಜನರದೇ ಅಳತೆಗಳನ್ನು ಅದು ಕೊಟ್ಟಿತು.

ನಟಿಸುವವರನ್ನು ಪತ್ತೆಹಚ್ಚುವ ಉಪಾಯವೂ ಸ್ವಾರಸ್ಯಕರ. ಐವತ್ತು ಚಿತ್ರಗಳನ್ನು ತೋರಿಸಿ, ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು 'ಯಾವುದನ್ನು ಮೊದಲು ನೋಡಿದ್ದಿ?' ಎಂದು ಕೇಳುತ್ತಾರೆ. ಕಠಿಣವೆಂದು ತೋರಿದರೂ ಇದು ಸುಲಭದ ಪರೀಕ್ಷೆ. ಮರೆವು ಇರುವವರಲ್ಲೂ ಹೆಚ್ಚಿನವರು ಚೆನ್ನಾಗಿಯೇ ಉತ್ತರಿಸುತ್ತಾರೆ. ಕಣ್ಣು ಮುಚ್ಚಿ ಹೇಳಿದರೂ ಸುಮಾರು ಅರ್ಧದಷ್ಟು ಸರಿಯಾಗಬೇಕು. ಅದಕ್ಕಿಂತ ಬಹಳ ಕಡಿಮೆ ಬಂದರೆ, ಸರಿಯುತ್ತರ ಗೊತ್ತಿದ್ದೇ ತಪ್ಪು ಹೇಳಿದ್ದಾನೆ ಎಂದರ್ಥ. ಅಪಘಾತದ ಪರಿಹಾರ ಕೇಳುವ ದಾವೆಗಳಲ್ಲೂ ಇಂಥ ಪರೀಕ್ಷೆಗೆ ಬೆಲೆಯಿದೆ. ಹಾಗೆಂದು ನಟನೆ ಸಿಕ್ಕಿಬಿದ್ದ ಮಾತ್ರಕ್ಕೆ ಕಾಯಿಲೆಯೇ ಇಲ್ಲ ಎನ್ನಲಾಗದು. ನಿಜವಾದ ರೋಗಿಯೂ ಹೆದರಿ ಅತಿಮಾಡಿ ತೋರಿಸುವುದುಂಟು.

ಈ ಶಾಸ್ತ್ರ ಬೆಳೆದಂತೆ ಕಾನೂನಿಗೆ ಒಂದು ತೊಡಕನ್ನೂ ತಂದೊಡ್ಡಿತು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಯ ಕೆಲಸಗಾರ ಫಿನಿಯಸ್ ಗೇಜ್‌ನ ತಲೆಯನ್ನು ಕಬ್ಬಿಣದ ಸಲಾಕೆ ತೂರಿಕೊಂಡು ಹೋದ ಮೇಲೆ, ಅವನ ಬುದ್ಧಿ ಉಳಿದರೂ ಸ್ವಭಾವ ಬದಲಾಯಿತು ಎಂದು ವೈದ್ಯರು ಬರೆದಿಟ್ಟರು. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದವನಿಗೆ ಇದು ತಪ್ಪೆಂದು ಗೊತ್ತಿದ್ದೂ ತನ್ನನ್ನು ತಡೆದುಕೊಳ್ಳಲು ಆಗದಿರಬಹುದು. ನಮ್ಮ ಕಲಮು ಕೇಳುವುದು 'ತಿಳಿದಿತ್ತೆ?' ಎಂದು ಮಾತ್ರ, 'ತಡೆಯಲು ಆಗುತ್ತಿತ್ತೆ?' ಎಂದು ಅಲ್ಲ. ಹಾಗಾಗಿ ವೈದ್ಯಕೀಯವಾಗಿ ರೋಗಿಯಾದವನು ಕಾನೂನಿನ ಕಣ್ಣಿಗೆ ಅಪರಾಧಿಯಾಗಿಯೇ ಉಳಿಯಬಹುದು. ಈ ಅಂತರವನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಎತ್ತಿ ಹೇಳಿವೆ.

ಗತಿಸಿದ ಗಳಿಗೆಯನ್ನು ತಾಳ್ಮೆಯಿಂದ ಊಹಿಸುವ ಬದಲು ಮಿದುಳಿನಿಂದಲೇ ನೇರವಾಗಿ ಕಕ್ಕಿಸಬಹುದಲ್ಲ ಎಂಬ ಆಸೆಯೂ ಹಳೆಯದೇ. ಅದರ ಒಂದು ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. 1922ರಲ್ಲಿ ಟೆಕ್ಸಾಸ್‌ನ ಹೆರಿಗೆ ವೈದ್ಯ ರಾಬರ್ಟ್ ಹೌಸ್, ಮಂಪರು ಬರಿಸುವ ಸ್ಕೋಪಲಮಿನ್ ಔಷಧವನ್ನು ಕೈದಿಗಳಿಗೆ ಕೊಟ್ಟು ಸತ್ಯ ಹೊರಡಿಸಲು ನೋಡಿದ. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಇಂಥ ಔಷಧದ ಅಮಲಿನಲ್ಲಿ ಬಂದ ತಪ್ಪೊಪ್ಪಿಗೆಯನ್ನು ಒಪ್ಪಲಿಲ್ಲ. ನಮ್ಮಲ್ಲಿ ಅದು 2000ದ ದಶಕದಲ್ಲಿ 'ಮಂಪರು ಪರೀಕ್ಷೆ' ಎಂಬ ಹೆಸರಿನಲ್ಲಿ ಮನೆಮಾತಾಯಿತು. ದೇಶದ ನಾನಾ ಕಡೆಯ ಆರೋಪಿಗಳು ಬೆಂಗಳೂರಿಗೆ ಬಂದಿಳಿದರು. ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ತೊದಲುವ ದೃಶ್ಯವನ್ನು ಜನ ಟಿವಿಯಲ್ಲಿ ನೋಡಿದರು. ಅರೆನಿದ್ರೆಯಲ್ಲಿರುವವನು ನಿಜ ಹೇಳಬಹುದು, ಕನಸನ್ನೂ ಹೇಳಬಹುದು, ಕೇಳಿದವರ ಸೂಚನೆಗೆ ಹೂಂಗುಟ್ಟಲೂಬಹುದು. ಯಾವುದು ಯಾವುದೆಂದು ಬೇರ್ಪಡಿಸುವ ಜರಡಿ ಯಾರ ಬಳಿಯೂ ಇರಲಿಲ್ಲ.

ಇದರ ಜೊತೆಗೇ ತಲೆಗೆ ತಂತಿಗಳ ಟೋಪಿ ತೊಡಿಸಿ, ಘಟನೆಯ ವಾಕ್ಯಗಳನ್ನು ಕೇಳಿಸಿ, ಮಿದುಳಿನ ವಿದ್ಯುತ್ ಅಲೆಗಳಿಂದ 'ಇದು ಅನುಭವಿಸಿದ ನೆನಪು' ಎಂದು ಗುರುತಿಸುವ ವಿಧಾನವೂ ಬಂತು. ಅದನ್ನು ರೂಪಿಸಿದವರು ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ್ದ ಸಿ.ಆರ್. ಮುಕುಂದನ್. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ, ಕೊಲೆ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ವಿಧಿಸುವಾಗ ಈ ಪರೀಕ್ಷೆಯನ್ನೂ ಆಧಾರವಾಗಿ ಹಿಡಿದದ್ದು ಜಗತ್ತಿನ ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ನೇತೃತ್ವದ ಸಮಿತಿ ಇದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದಿತು. ಒಂದೇ ಊರು ಪರೀಕ್ಷೆಗೆ ಹೆಸರನ್ನೂ ತಂದಿತು, ಅದರ ಹುಳುಕನ್ನೂ ಹೇಳಿತು.

ಕೊನೆಯ ಮಾತು ಹೇಳಿದ್ದು ಸುಪ್ರೀಂ ಕೋರ್ಟ್. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರಿದ್ದ ಪೀಠ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮಿದುಳಿನ ಅಲೆಗಳ ಪರೀಕ್ಷೆ ಈ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿ, ಬಾಯಿ ಮುಚ್ಚಿಕೊಂಡವನ ಮಿದುಳಿಗೂ ಅನ್ವಯಿಸುತ್ತದೆ ಎಂಬುದು ಅದರ ತಿರುಳು. ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಾಗದು. ಅದರ ಜಾಡಿನಲ್ಲಿ ಬೇರೆ ವಸ್ತುವೋ ಮಾಹಿತಿಯೋ ಪತ್ತೆಯಾದರೆ ಮಾತ್ರ ಅದನ್ನು ಪರಿಗಣಿಸಬಹುದು.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಮ್ಮಲ್ಲಿದೆ. ಅದು ಅಕ್ಷರಶಃ ನಿಜವಾಗುವ ಜಾಗವೂ ನ್ಯಾಯಾಲಯವೇ. ಖಟ್ಲೆಯನ್ನು ಅರಿತು ವಕೀಲನಿಗೆ ಸೂಚನೆ ಕೊಡಲಾರದವನ ವಿಚಾರಣೆ ನಡೆಸಬಾರದು, ಗುಣವಾಗುವವರೆಗೆ ಮುಂದೂಡಬೇಕು ಎಂಬ ನಿಯಮ ಕರುಣೆಯಿಂದಲೇ ಹುಟ್ಟಿದ್ದು. ಅಸ್ಸಾಮಿನ ಬುಡಕಟ್ಟು ವ್ಯಕ್ತಿಯೊಬ್ಬರನ್ನು 1951ರಲ್ಲಿ ಬಂಧಿಸಿ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಲಾಯಿತು. 1967ರಲ್ಲಿ ವೈದ್ಯರು ಗುಣವಾಗಿದೆ ಎಂದರು. ಆ ವರದಿಯ ಮೇಲೆ ಯಾರೂ ವಿಚಾರಣೆ ಆರಂಭಿಸಲಿಲ್ಲ, ಜೈಲಿಗೆ ಸಾಗಿಸಿದರು. ಹೊರಬಂದದ್ದು 2005ರಲ್ಲಿ. ಆಗ ಅವರಿಗೆ 77 ವರ್ಷ. ವೈದ್ಯಕೀಯ ಪರೀಕ್ಷೆ ಸರಿಯಾಗಿ ಆದರೂ ಅದರ ವರದಿಯನ್ನು ಓದುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಈಚೆಗೆ ಈ ಪರೀಕ್ಷೆಗೆ ಇನ್ನೊಂದು ಕೆಲಸ ಬಂದಿದೆ. ಅಪರಾಧ ಸಾಬೀತಾದ ಮೇಲೆ ಗಲ್ಲೋ, ಜೀವಾವಧಿಯೋ ಎಂದು ತೀರ್ಮಾನಿಸುವಾಗಲೂ ಮನಸ್ಸಿನ ಸ್ಥಿತಿಯನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳತೊಡಗಿತು. ಶಿಕ್ಷೆಯ ನಂತರ ಬಂದ ತೀವ್ರ ಮಾನಸಿಕ ಕಾಯಿಲೆಯೂ ಗಲ್ಲು ತಪ್ಪಿಸಲು ಕಾರಣವಾಗಬಹುದು ಎಂದು 2019ರಲ್ಲಿ ತೀರ್ಪಿತ್ತಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ, ಮರಣದಂಡನೆಗೆ ಅವಕಾಶವಿರುವ ಖಟ್ಲೆಗಳಲ್ಲಿ ಆರೋಪಿಯ ಮನೋವೈದ್ಯಕೀಯ ಮತ್ತು ಮನಶ್ಶಾಸ್ತ್ರೀಯ ವರದಿಯನ್ನು ಸರ್ಕಾರ ಆರಂಭದ ಹಂತದಲ್ಲೇ ಒದಗಿಸಬೇಕು, ಜೊತೆಗೆ ಬಾಲ್ಯ, ಕುಟುಂಬ, ಓದು, ಬಡತನ, ಜೈಲಿನಲ್ಲಿನ ನಡತೆಯ ವಿವರಗಳನ್ನೂ ತರಿಸಬೇಕು ಎಂದು ಸೂಚಿಸಿತು. 84ನೆಯ ಕಲಮು ವೈದ್ಯನಿಂದ ಕೇಳುತ್ತಿದ್ದದ್ದು ಒಂದು ಗಳಿಗೆಯ ಲೆಕ್ಕ. ಈಗ ಕೇಳುತ್ತಿರುವುದು ಇಡೀ ಒಂದು ಬದುಕಿನದು. ಅಷ್ಟೂ ವರದಿಗಳನ್ನು ಬರೆಯುವ ತರಬೇತಿ ಪಡೆದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಜಿಲ್ಲಾ ಕೇಂದ್ರಗಳಲ್ಲಿ ಇರಬೇಕಾಗುತ್ತದೆ. ಇಲ್ಲದ ಕಡೆ ಆರೋಪಿಯನ್ನು ಪೊಲೀಸ್ ವ್ಯಾನಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಕರೆತಂದು ಸರದಿಗೆ ಕಾಯಬೇಕು.